ಏಳು ತಿಂಗಳ ಕೆಮ್ಮು, ಒಂದು ಡಬ್ಬಿ ಜ್ಯೇಷ್ಠಮಧು

ಮಾರ್ಚಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಡ್ಯೂಟಿ ಬಿದ್ದಿತ್ತು. ಗಣಿತದ ಪೇಪರ್ ದಿನ, ರೂಮಲ್ಲಿ ಇಪ್ಪತ್ನಾಲ್ಕು ಮಕ್ಳು, ಫ್ಯಾನ್ ಸದ್ದು ಬಿಟ್ರೆ ಬೇರೇನೂ ಇಲ್ಲ, ಆ ನಿಶ್ಶಬ್ದದಲ್ಲಿ ನನ್ ಗಂಟ್ಲೊಳಗೆ ಇರುವೆ ಹರಿದಂಗಾಯ್ತು. ತಡ್ಕೊಂಡೆ, ತಡ್ಕೊಂಡಷ್ಟೂ ಕಣ್ಣಲ್ಲಿ ನೀರು, ಆಮೇಲೆ ಶುರುವಾಯ್ತು ನೋಡ್ರಿ, ನಿಲ್ಲೋದೇ ಇಲ್ಲ. ಮುಂದಿನ ಬೆಂಚಿನ ಹುಡುಗಿ ಪಾಪ ಲೆಕ್ಕ ಬಿಟ್ಟು ತನ್ನ ನೀರಿನ ಬಾಟ್ಲಿ ಎತ್ಕೊಟ್ಲು. ಐದ್ ನಿಮಿಷಕ್ಕೆ ಮುಖ್ಯ ಅಧೀಕ್ಷಕರು ಬಂದು "ಮೇಡಂ ನೀವು ಸ್ವಲ್ಪ ಹೊರಗೆ ಬರ್ರಿ, ಮಕ್ಳಿಗೆ ತೊಂದ್ರೆ ಆಗ್ತೈತಿ" ಅಂದು ಬೇರೆಯವ್ರನ್ನ ಕೂರಿಸಿದ್ರು. ಇಪ್ಪತ್ತೆರಡು ವರ್ಷದ ಸರ್ವೀಸಲ್ಲಿ ಕಾಪಿ ಹೊಡೆಯೋ ಹುಡುಗ್ರನ್ನ ನಾನು ಹೊರಗೆ ಕಳಿಸಿದೀನಿ, ಆವತ್ತು ನನ್ನನ್ನೇ ಕಳಿಸಿದ್ರು. ಕಾರಿಡಾರಲ್ಲಿ ಕಂಬ ಹಿಡ್ಕೊಂಡು ಕೆಮ್ತಾ ನಿಂತಾಗ ಅದು ನಾಲ್ಕನೇ ತಿಂಗಳು.

ಮೊದಲಿಂದ ಹೇಳ್ತೀನಿ. ನಂಗೆ ನಲವತ್ತೊಂಬತ್ತು, ದಾವಣಗೆರೆಯಲ್ಲಿ ಹೈಸ್ಕೂಲ್ ಕನ್ನಡ ಟೀಚರ್. ನಮ್ಮನೆಯವ್ರು ಎಪಿಎಂಸಿಲಿ ಮೆಕ್ಕೆಜೋಳದ ದಲಾಲಿ ಅಂಗಡಿಲಿ ಲೆಕ್ಕ ಬರೀತಾರೆ. ಮಗಳು ಬಿ.ಫಾರ್ಮ್ ಮೂರನೇ ವರ್ಷ. ಆಗಸ್ಟಲ್ಲಿ ಸುಮ್ನೆ ತಲೆನೋವು ಅಂತ ತೋರ್ಸಕ್ಕೆ ಹೋದಾಗ ಬಿಪಿ 154/96 ಬಂತು, ಎರಡು ಸಲ ನೋಡಿದ್ರೂ ಅಷ್ಟೇ, ರಾಮಿಪ್ರಿಲ್ 5 ಮಿಲಿಗ್ರಾಂ ಅಂತ ದಿನಕ್ಕೊಂದು ಮಾತ್ರೆ ಶುರು ಮಾಡಿದ್ರು. ಬೆಳಿಗ್ಗೆ ಕಾಫಿ ಆದ್ಮೇಲೆ ನುಂಗೋದು, ಮರ್ತುಬಿಡೋದು. ನಿಜವಾಗ್ಲೂ ಮರ್ತುಬಿಟ್ಟಿದ್ದೆ, ನಾನು ಮಾತ್ರೆ ತಗೋತೀನಿ ಅನ್ನೋದೇ ನಂಗೆ ನೆನಪಿರ್ತಿರ್ಲಿಲ್ಲ, ಹಲ್ಲು ಉಜ್ಜೋದನ್ನ ಯಾರಾದ್ರೂ ನೆನಪಿಟ್ಕೋತಾರಾ.

ದೀಪಾವಳಿ ಆದ್ಮೇಲೆ ಮನೇಲಿ ಎಲ್ರಿಗೂ ನೆಗಡಿ. ಅವ್ರದ್ದೆಲ್ಲ ವಾರಕ್ಕೆ ಹೋಯ್ತು, ನನ್ನ ನೆಗಡಿನೂ ಹೋಯ್ತು, ಕೆಮ್ಮು ಮಾತ್ರ ಉಳ್ಕೊಂಡ್ತು. ಒಣ ಕೆಮ್ಮು. ಕಫ ಇಲ್ಲ, ಜ್ವರ ಇಲ್ಲ, ಏನೂ ಇಲ್ಲ, ಗಂಟ್ಲಲ್ಲಿ ಗರಿ ಇಟ್ಟು ಯಾರೋ ತಿರುಗಿಸ್ತಿದಾರೆ ಅನ್ನಂಗೆ ತುರಿಕೆ ಅಷ್ಟೇ. ಎರಡು ವಾರ ದಾಟಿದ ಮೇಲೆ ನಮ್ಮ ಪಿ.ಟಿ. ಮೇಷ್ಟ್ರು "ಎರಡು ವಾರ ದಾಟಿದ ಕೆಮ್ಮು ಅಂದ್ರೆ ಕಫ ಪರೀಕ್ಷೆ ಮಾಡಿಸ್ಲೇಬೇಕು ಟೀಚರ್" ಅಂದ್ರು, ಅದು ಗೋಡೆ ಮೇಲೆಲ್ಲ ಬರೆದಿರ್ತಾರಲ್ಲ. ಜಿಲ್ಲಾ ಆಸ್ಪತ್ರೆಗೆ ಹೋದೆ, ದುಡ್ಡೇನೂ ತಗೊಳ್ಳಲ್ಲ, ಆದ್ರೆ ಇಲ್ಲದ ಕಫ ಎಲ್ಲಿಂದ ತರೋದು, ಬೆಳಿಗ್ಗೆ ಎದ್ದು ಕ್ಯಾಕರಿಸಿ ಕ್ಯಾಕರಿಸಿ ಹೆಂಗೋ ಡಬ್ಬಿಗೆ ಒಂಚೂರು ಹಾಕಿ ಕೊಟ್ಟೆ. ಟಿಬಿ ಇಲ್ಲ ಅಂತ ಬಂತು. ಎದೆ ಎಕ್ಸರೇನೂ ಕ್ಲಿಯರ್. ಆವತ್ತು ಎಷ್ಟು ಖುಷಿ ಆಯ್ತು ಅಂದ್ರೆ ಬರ್ತಾ ಬೆಣ್ಣೆ ದೋಸೆ ತಿಂದು ಬಂದ್ವಿ.

ಏನೂ ಇಲ್ಲ ಅಂತಾದ್ಮೇಲೆ ಊರಿನವ್ರೆಲ್ಲ ಡಾಕ್ಟ್ರಾಗ್ತಾರೆ. ಸ್ಟಾಫ್ ರೂಮಲ್ಲಿ ಹನ್ನೊಂದು ಜನ, ಹನ್ನೊಂದು ಔಷಧಿ. ಶುಂಠಿ ರಸ, ದೊಡ್ಡಪತ್ರೆ, ತುಳಸಿ ಕಷಾಯ, ಮೆಣಸಿನ ಸಾರು, ಎಲ್ಲ ಕುಡಿದೆ, ಆ ಕ್ಷಣಕ್ಕೆ ಗಂಟ್ಲಿಗೆ ಹಿತ, ಅರ್ಧ ಗಂಟೆಗೆ ಮತ್ತದೇ.

ನಮ್ಮತ್ತೆ ಇರೋದು ಹೊಳಲ್ಕೆರೆ ಹತ್ರ ಊರಲ್ಲಿ. ಅವ್ರಿಗೆ ಫೋನಲ್ಲೇ ನನ್ನ ಕೆಮ್ಮು ಕೇಳ್ತು. ಮಾರನೇ ದಿನನೇ ಊರಿನ ಹುಡುಗನ ಕೈಲಿ ಒಂದು ಚೀಲ ಆಡುಸೋಗೆ ಸೊಪ್ಪು ಕಳಿಸಿದ್ರು. ನಮ್ಮ ತೋಟದ ಬೇಲಿಗೆಲ್ಲ ಅದೇ ಇರೋದು, ದನ ಕರು ತಿನ್ನಲ್ಲ ಅಂತಾನೇ ಬೇಲಿಗೆ ಹಾಕೋದು. ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ, ಇದನ್ನ ಆಡೂ ಮುಟ್ಟಲ್ಲ, ತಮಿಳ್ನೋರು ಇದಕ್ಕೆ ಇಟ್ಟಿರೋ ಆಡಾತೊಡೈ ಅನ್ನೋ ಹೆಸ್ರಿಗೂ ಆಡು ಮುಟ್ಟದ್ದು ಅಂತಾನೇ ಅರ್ಥ ಹೇಳ್ತಾರೆ. ಎಲೆ ಬಾಡಿಸಿ, ರಸ ಹಿಂಡಿ, ಜೇನುತುಪ್ಪ ಸೇರ್ಸಿ ಕುಡೀಬೇಕು. ಆಡು ಯಾಕ್ ಮುಟ್ಟಲ್ಲ ಅಂತ ಮೊದಲ್ನೇ ಗುಟುಕಿಗೇ ಗೊತ್ತಾಯ್ತು. ಹತ್ತು ದಿನ ಕುಡಿದೆ, ಒಂದಿನ ಜಾಸ್ತಿ ಕುಡಿದು ವಾಂತಿನೂ ಆಯ್ತು.

ಅದೇ ಟೈಮಲ್ಲಿ ಮಗಳಿಗೆ ಕಾಲೇಜಲ್ಲಿ ಫಾರ್ಮಕಾಗ್ನಸಿ ನಡೀತಿತ್ತು, ಅಂದ್ರೆ ಗಿಡದಿಂದ ಬರೋ ಔಷಧಿಗಳ ಪಾಠ. ಅವಳು ಹಾಲಲ್ಲಿ ಕೂತು ನೋಟ್ಸ್ ಓದ್ತಾ ಇದ್ದೋಳು ತಟ್ಟಂತ "ಅಮ್ಮಾ, ನೀನು ಕುಡೀತಿರೋ ಸೊಪ್ಪಲ್ಲಿ ವ್ಯಾಸಿಸಿನ್ ಅಂತ ಒಂದು ಇದೆಯಂತೆ, ಅದನ್ನ ನೋಡ್ಕೊಂಡೇ ಬ್ರೋಮ್ಹೆಕ್ಸಿನ್ ಮಾಡಿದ್ದು, ಮೆಡಿಕಲ್ ಶಾಪಲ್ಲಿ ಸಿಗೋ ಅರ್ಧ ಕೆಮ್ಮಿನ ಸಿರಪ್ಪಲ್ಲಿ ಅದೋ ಅಂಬ್ರಾಕ್ಸಾಲೋ ಇರುತ್ತೆ" ಅಂದ್ಲು. ನಂಗೆ ಹೆಮ್ಮೆ ಆಯ್ತು, ನೋಡು ನಿಮ್ಮಜ್ಜಿ ಬೇಲಿಲಿ ಇರೋದನ್ನೇ ಕಂಪನಿಯೋರು ಬಾಟ್ಲಿಗೆ ತುಂಬಿದಾರೆ ಅಂತ. ಅವಳು ನಗಲಿಲ್ಲ. "ಸರಿ, ಆದ್ರೆ ಅದು ಕಫ ಕರಗಿಸೋ ಔಷಧಿ, ನಿಂಗೆ ಕಫಾನೇ ಇಲ್ಲ, ಅದು ಕರಗಿಸೋದು ಏನನ್ನ?" ಅಂದ್ಲು. ಇಷ್ಟು ದಿನ ಇದು ಯಾರಿಗೂ ಹೊಳೆದಿರ್ಲಿಲ್ಲ, ನಂಗೂ. ಬಸುರಿಯರಿಗೆ ಇದನ್ನ ಕೊಡಬಾರದು, ಗರ್ಭಕೋಶ ಬಿಗಿ ಆಗೋ ಹಂಗೆ ಮಾಡುತ್ತೆ ಅಂತಾನೂ ಅವಳೇ ಹೇಳಿದ್ದು. ನಮ್ಮತ್ತೆಗೆ ಫೋನ್ ಮಾಡಿ ಕೇಳಿದ್ರೆ "ಹೂಂ ಮತ್ತೆ, ಬಸುರೇರಿಗೆ ಯಾರು ಕೊಡ್ತಾರೆ" ಅಂತ ನನ್ನನ್ನೇ ಬೈದ್ರು.

ಡಾಕ್ಟ್ರುಗಳ ಸುತ್ತಾಟ ಬೇಗ ಹೇಳಿ ಮುಗಿಸ್ತೀನಿ, ಅದರಲ್ಲಿ ಸ್ವಾರಸ್ಯ ಇಲ್ಲ. ಮೂರು ಸಲ ಆಂಟಿಬಯಾಟಿಕ್ ಕೋರ್ಸು. ಅಲರ್ಜಿ ಮಾತ್ರೆ. ಮೂಗಿಗೆ ಸ್ಪ್ರೇ. ಊಟದ ಹುಳಿ ಮೇಲೆ ಬರ್ತಿರ್ಬೋದು ಅಂತ ಗ್ಯಾಸಿನ ಮಾತ್ರೆ ಒಂದೂವರೆ ತಿಂಗಳು. ಪೈಪು ಊದೋ ಟೆಸ್ಟು ಮಾಡಿಸಿ ಆಸ್ತಮಾ ಇಲ್ಲ ಅಂದ್ರು, ಆದ್ರೂ ನೋಡೋಣ ಅಂತ ಇನ್ಹೇಲರ್ ಕೊಟ್ರು. ಎಲ್ರೂ ಕೇಳ್ತಿದ್ದ ಪ್ರಶ್ನೆ ಒಂದೇ, "ಕೆಮ್ಮಿಗೆ ಏನೇನ್ ತಗೊಂಡಿದೀರಿ?" ಕೆಮ್ಮಿಗೆ ತಗೊಂಡಿದ್ದು ಹೇಳಿದೆ. ಬಿಪಿ ಮಾತ್ರೆ ಕೆಮ್ಮಿಗೆ ತಗೊಂಡಿದ್ದಲ್ವಲ್ಲ, ಹೇಳ್ಲಿಲ್ಲ.

ಒಬ್ರು ಕೊಡೀನ್ ಇರೋ ಸಿರಪ್ ಬರ್ಕೊಟ್ರು. ಇದೂ ಗಿಡದ್ದೇ, ಅಫೀಮಿನ ಗಸಗಸೆ ಗಿಡದ್ದು. 1804ರ ಸುಮಾರಿಗೆ ಅದರಿಂದ ಮಾರ್ಫಿನ್ ಬೇರೆ ಮಾಡಿದ್ರು, 1832ರಲ್ಲಿ ಕೊಡೀನ್. ರಾತ್ರಿ ಒಂದು ಮುಚ್ಚಳ ಕುಡಿದ್ರೆ ನಿದ್ದೆ ಏನೋ ಬರ್ತಿತ್ತು, ಬೆಳಿಗ್ಗೆ ಮೊದಲ್ನೇ ಪೀರಿಯಡ್ಡಲ್ಲಿ ಹಳಗನ್ನಡ ಪದ್ಯ ಓದ್ತಾ ಓದ್ತಾ ಒಂದು ಸಾಲು ಎರಡು ಸಲ ಓದಿದ್ದೆ, ಮಕ್ಳು ಕಿಸಿಕಿಸಿ ನಕ್ವು. ನಾಲ್ಕು ದಿನ ಹೊಟ್ಟೆ ಕಟ್ಕೊಂಡ್ತು. ಮಗಳು ಎಲ್ಲೋ ಓದಿ ಹೇಳಿದ್ಲು, ಇಂಗ್ಲೆಂಡಲ್ಲಿ ಸಿಗರೇಟಿಂದ ಶ್ವಾಸಕೋಶ ಹಾಳಾದವ್ರ ಕೆಮ್ಮಿನ ಮೇಲೆ ಕೊಡೀನ್ ಪರೀಕ್ಷೆ ಮಾಡಿದ್ರೆ ಸುಮ್ಮನೆ ಕೊಟ್ಟ ಹುಸಿ ಔಷಧಿಗಿಂತ ಅದೇನೂ ಹೆಚ್ಚಿಗೆ ಕೆಲಸ ಮಾಡ್ಲಿಲ್ವಂತೆ. ನೂರು ವರ್ಷಕ್ಕೂ ಮೇಲೆ ಜಗತ್ತೆಲ್ಲ ಕುಡಿದ ಮೇಲೆ! ಬಾಟ್ಲಿ ಅರ್ಧಕ್ಕೇ ಬಿಟ್ಟೆ.

ಈಗ ಜ್ಯೇಷ್ಠಮಧು ವಿಷ್ಯ. ಸಂಕ್ರಾಂತಿ ಹೊತ್ತಿಗೆ ಸಂಗೀತ ಟೀಚರ್ ಒಬ್ರು ಒಂದು ಕಡ್ಡಿ ಕೊಟ್ಟು ಅಗೀರಿ ಅಂದ್ರು, ಹಾಡೋರೆಲ್ಲ ಇಟ್ಕೊಂಡಿರ್ತಾರೆ. ಅಗಿದೆ. ಸಿಹಿ, ಬರೀ ಸಿಹಿ ಅಲ್ಲ, ಗಂಟ್ಲಲ್ಲಿ ಒಂದು ಪೊರೆ ಕಟ್ಟಿದಂಗೆ, ಆ ಗರಿ ತಿರುಗೋದು ಹತ್ತು ನಿಮಿಷ ನಿಲ್ತು. ತಿಂಗಳುಗಟ್ಲೆ ಆದ್ಮೇಲೆ ಮೊದಲ್ನೇ ಸಲ ಏನೋ ಒಂದು ಕೆಲಸ ಮಾಡ್ತು ಅಂದ್ರೆ ಹೆಂಗಾಗುತ್ತೆ ಹೇಳ್ರಿ. ಅವತ್ತು ಸಾಯಂಕಾಲನೇ ಮಂಡಿಪೇಟೆಗೆ ಹೋಗಿ ಗ್ರಂಥಿಗೆ ಅಂಗಡಿಲಿ ಕಾಲು ಕೆಜಿ ತಂದೆ. ಒಂದು ಸ್ಟೀಲ್ ಡಬ್ಬಿಗೆ ತುಂಬಿ ಬ್ಯಾಗಲ್ಲಿ, ಪೀರಿಯಡ್ಡಿಗೊಂದು ಕಡ್ಡಿ, ಮನೇಲಿ ಅದರದ್ದೇ ಪುಡಿ ಹಾಕಿ ಎರಡು ಹೊತ್ತು ಕಷಾಯ. ಕಾಲು ಕೆಜಿ ಇಪ್ಪತ್ತು ದಿನಕ್ಕೆ ಖಾಲಿ, ಮತ್ತೆ ತರೋದು. ಅಂಗಡಿಯವ್ರು "ಏನ್ ಮೇಡಂ ಹಾಡೋ ಕ್ಲಾಸ್ ಶುರು ಮಾಡಿದೀರಾ" ಅಂದ್ರು.

ಫೆಬ್ರುವರಿ ಕೊನೇಲಿ ಕಾಲು ಊದ್ಕೊಂಡ್ವು, ಸಾಕ್ಸಿನ ಗೆರೆ ಹಂಗೇ ಉಳಿಯೋದು. ರಾತ್ರಿ ಮೀನಖಂಡ ಹಿಡ್ಕೊಂಡು ಎದ್ದು ಕೂರೋಳು. ಬಿಪಿ ನೋಡಿಸಿದ್ರೆ 168/102. ಮಾತ್ರೆ ತಪ್ಪಿಸಿದ್ದೀರಾ ಅಂದ್ರು, ಒಂದಿನಾನೂ ಇಲ್ಲ ಅಂದೆ, ಉಪ್ಪು ಕಮ್ಮಿ ಮಾಡಿ ಅಂತ ಹೇಳಿ ರಾಮಿಪ್ರಿಲ್ 10ಕ್ಕೆ ಏರಿಸಿದ್ರು. ಸರಿ ಅಂತ ಅದನ್ನೂ ನುಂಗಿದೆ, ಬ್ಯಾಗಿಂದ ಡಬ್ಬಿ ತೆಗೆದು ಅವ್ರ ಕ್ಲಿನಿಕ್ ಮೆಟ್ಲು ಇಳೀತಾನೇ ಒಂದು ಕಡ್ಡಿ ಬಾಯಿಗೆ ಹಾಕ್ಕೊಂಡಿದ್ದು ಈಗ್ಲೂ ಕಣ್ಣಿಗೆ ಕಟ್ಟಿದಂಗಿದೆ.

ಇನ್ನೊಂದು ವಿಷ್ಯ ಬರೀಬೇಕೋ ಬೇಡವೋ ಅಂತ ಯೋಚ್ನೆ ಮಾಡಿದೆ, ಬರೀತೀನಿ. ಜೋರಾಗಿ ಕೆಮ್ಮಿದ್ರೆ ಉಚ್ಚೆ ಒಂದೆರಡು ಹನಿ ಜಾರೋದು. ಎರಡು ಹೆರಿಗೆ ಆಗಿದೆ ನಂಗೆ. ಕಡು ಬಣ್ಣದ ಸೀರೆ ಮಾತ್ರ ಉಡೋದು, ಪ್ಯಾಡ್ ಇಟ್ಕೊಂಡೇ ಸ್ಕೂಲಿಗೆ ಹೋಗೋದು, ನಿಂತು ಪಾಠ ಮಾಡೋಳು ಕೂತು ಮಾಡೋಕೆ ಶುರು ಮಾಡಿದೆ. ಮನೇಲೂ ಹೇಳಿರ್ಲಿಲ್ಲ. ಒಂದಿನ ಸ್ಟಾಫ್ ರೂಮಲ್ಲಿ ಮೆಲ್ಲಗೆ ಬಾಯಿ ಬಿಟ್ರೆ ಅಲ್ಲಿದ್ದ ನಾಲ್ಕು ಜನ ಹೆಂಗಸರಲ್ಲಿ ಮೂರು ಜನ "ನಂಗೂ" ಅಂದ್ರು. ದೀರ್ಘ ಕೆಮ್ಮು ಅಂತ ಡಾಕ್ಟ್ರ ಹತ್ರ ಹೋಗೋರಲ್ಲಿ ಹೆಂಗಸರೇ ಜಾಸ್ತಿ, ನಮ್ಮ ಕೆಮ್ಮಿನ ನರ ಗಂಡಸರಿಗಿಂತ ಸೂಕ್ಷ್ಮ ಅಂತ ಆಮೇಲೆ ಗೊತ್ತಾಯ್ತು.

ಪರೀಕ್ಷೆ ಹಾಲಿಂದ ಹೊರಗೆ ಬಿದ್ಮೇಲೆ ಹಠ ಹತ್ತಿತು. ಮೌಲ್ಯಮಾಪನ ಮುಗಿಸಿ ಮೇ ತಿಂಗಳಲ್ಲಿ ಎದೆ ಡಾಕ್ಟ್ರು ಒಬ್ರ ಹತ್ರ ಹೋದೆ. ಅವ್ರು ಫೈಲ್ ತೆರೀಲೇ ಇಲ್ಲ. "ಎಂಟು ವಾರ ದಾಟಿದ್ರೆ ನಾವು ದೀರ್ಘ ಕೆಮ್ಮು ಅಂತೀವಿ, ನಿಮ್ದು ಯಾವತ್ತೋ ದಾಟಿದೆ. ನಾಳೆ ಬರ್ರಿ, ಬರ್ತಾ ನೀವು ದಿನಾ ಬಾಯಿಗೆ ಏನೇನ್ ಹಾಕ್ಕೋತೀರೋ ಎಲ್ಲ ಒಂದು ಕವರಲ್ಲಿ ಹಾಕ್ಕೊಂಡ್ ಬರ್ರಿ, ಊಟ ತಿಂಡಿ ಬಿಟ್ಟು" ಅಂದ್ರು. ನಮ್ಮನೆಯವ್ರು ಹೊರಗೆ ಬಂದು "ಇದಕ್ಕೆ ಆರ್ನೂರು ರೂಪಾಯಾ" ಅಂದ್ರು.

ಮಾರನೇ ದಿನ ಬಟ್ಟೆ ಅಂಗಡಿ ಕವರ್ ತುಂಬಾ ತಗೊಂಡೋಗಿ ಟೇಬಲ್ ಮೇಲೆ ಸುರಿದೆ. ಸಿರಪ್ಪು, ಇನ್ಹೇಲರು, ವಿಕ್ಸ್, ಹಿಪ್ಪಲಿ ಪುಡಿ, ಕಷಾಯದ ಪುಡಿ, ಆಮೇಲೆ ಆ ಡಬ್ಬಿ. ಅವ್ರು ಎಲ್ಲ ಪಕ್ಕಕ್ಕೆ ಸರಿಸಿ ಎರಡೇ ಎರಡು ಇಟ್ಕೊಂಡ್ರು, ರಾಮಿಪ್ರಿಲ್ ಸ್ಟ್ರಿಪ್ಪು, ಜ್ಯೇಷ್ಠಮಧು ಡಬ್ಬಿ. "ಇದು ನಿಮ್ಮನ್ನ ಕೆಮ್ಮಿಸ್ತಾ ಇದೆ. ಇದು ನಿಮ್ಮ ಬಿಪಿ ಏರಿಸ್ತಾ ಇದೆ. ಬಿಪಿ ಏರ್ತು ಅಂತ ಮಾತ್ರೆ ಜಾಸ್ತಿ ಮಾಡಿದಾರೆ, ಕೆಮ್ಮು ನಿಲ್ಲಲ್ಲ ಅಂತ ನೀವು ಈ ಕಡ್ಡಿ ಜಾಸ್ತಿ ಮಾಡಿದೀರಿ."

ನಾನು ಹೇಳಿದ ಮೊದಲ್ನೇ ಮಾತು, "ಅದು ಬೇರು ಸಾರ್, ಔಷಧಿ ಅಲ್ಲ."

ರಾಮಿಪ್ರಿಲ್, ಎನಾಲಪ್ರಿಲ್, ಈ "ಪ್ರಿಲ್" ಅಂತ ಮುಗಿಯೋ ಮಾತ್ರೆಗಳೆಲ್ಲ ಒಂದೇ ಮನೆತನ. ರಕ್ತನಾಳ ಬಿಗಿ ಮಾಡೋ ಒಂದು ಕಿಣ್ವನ ತಡೀತವೆ. ಅದೇ ಕಿಣ್ವ ಬ್ರಾಡಿಕೈನಿನ್ ಅನ್ನೋದನ್ನ ಒಡೆದು ಹಾಕೋ ಕೆಲಸಾನೂ ಮಾಡ್ತಿರುತ್ತೆ, ಅದು ನಿಂತೋದ್ರೆ ಬ್ರಾಡಿಕೈನಿನ್ ಗಂಟ್ಲು ಶ್ವಾಸನಾಳದಲ್ಲಿ ಸೇರ್ಕೊಂಡು ನರ ಕೆರಳಿಸುತ್ತೆ, ಹತ್ತು ಜನ ತಗೊಂಡ್ರೆ ಒಬ್ರಿಗೆ ಅಂತ ಇಟ್ಕೊಳ್ಳಿ ಅಂದ್ರು. ಮಾತ್ರೆ ಶುರು ಮಾಡಿದ ದಿನಾನೇ ಬರ್ಬೇಕು ಅಂತಿಲ್ಲ, ತಿಂಗಳುಗಳಾದ ಮೇಲೂ ಬರ್ಬೋದು, ಅದಕ್ಕೇ ಯಾರಿಗೂ ತಾಳೆ ಆಗಲ್ಲ, ನನ್ನ ಕೇಸಲ್ಲಂತೂ ನೆಗಡಿ ಮೇಲೆ ಆರೋಪ ಹೊರಿಸಿ ಕೂತಿದ್ವಿ. ಡೋಸ್ ಕಮ್ಮಿ ಮಾಡಿದ್ರೂ ಹೋಗಲ್ವಂತೆ, ಮಾತ್ರೆ ಮನೆತನಾನೇ ಬದಲಾಗ್ಬೇಕಂತೆ. ಟೆಲ್ಮಿಸಾರ್ಟನ್ 40 ಬರ್ಕೊಟ್ರು. (ಇದನ್ನ ಓದಿ ಯಾರೂ ನಿಮ್ಮ ಬಿಪಿ ಮಾತ್ರೆ ನೀವೇ ನಿಲ್ಲಿಸಕ್ಕೆ ಹೋಗ್ಬೇಡ್ರಿ ಮಾರಾಯ್ರೆ, ಸ್ಟ್ರಿಪ್ ಹಿಡ್ಕೊಂಡು ಡಾಕ್ಟ್ರ ಹತ್ರ ಹೋಗಿ ಕೇಳ್ರಿ, ಅಷ್ಟೇ.) ಮಗಳು ಮನೇಲಿ ಇನ್ನೊಂದು ಹೇಳಿದ್ಲು, ಈ ಮನೆತನದ ಹಿರಿಯ ಕ್ಯಾಪ್ಟೊಪ್ರಿಲ್, ಬ್ರೆಜಿಲ್ ದೇಶದ ಒಂದು ಮಂಡಲದ ಹಾವಿನ ವಿಷ ನೋಡಿ ಕಂಡುಹಿಡಿದಿದ್ದು, 1981ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ತು ಅಂತ. ಸರಿ, ಹಾವಿಂದ ಬಂದ ಕೆಮ್ಮಿಗೆ ನಾನು ಬೇಲಿ ಸೊಪ್ಪು ಹಿಂಡಿ ಕುಡೀತಿದ್ದೆ.

ಇನ್ನು ನನ್ನ ಬೇರು. ಅದರಲ್ಲಿ ಗ್ಲಿಸಿರೈಜಿನ್ ಅನ್ನೋದಿದೆ, ಸಕ್ಕರೆಗಿಂತ ಸುಮಾರು ಐವತ್ತು ಪಟ್ಟು ಸಿಹಿ. ಅದು ಕಿಡ್ನಿಲಿ ಒಂದು ಕಾವಲುಗಾರ ಕಿಣ್ವನ ಮಲಗಿಸಿಬಿಡುತ್ತೆ, ಆಗ ನಮ್ಮದೇ ದೇಹದ ಕಾರ್ಟಿಸಾಲು ಬೇರೆ ಹಾರ್ಮೋನಿನ ಕೆಲಸಕ್ಕೆ ಕೈ ಹಾಕಿ ಉಪ್ಪು ನೀರು ಹಿಡಿದಿಟ್ಕೊಳ್ಳುತ್ತೆ, ಪೊಟ್ಯಾಸಿಯಂ ಹೊರಗೆ ಹಾಕುತ್ತೆ. ಕಾಲೂತ, ಮೀನಖಂಡ ಹಿಡಿಯೋದು, ಬಿಪಿ, ಮೂರಕ್ಕೂ ಉತ್ತರ ಒಂದೇ ಡಬ್ಬಿಲಿತ್ತು. ರಕ್ತ ಪರೀಕ್ಷೆ ಮಾಡಿಸಿದ್ರು, ಪೊಟ್ಯಾಸಿಯಂ 3.2, ಇರಬೇಕಾಗಿದ್ದು 3.5ರ ಮೇಲೆ. ಯುರೋಪಿನೋರು ಗ್ಲಿಸಿರೈಜಿನ್ ದಿನಕ್ಕೆ 100 ಮಿಲಿಗ್ರಾಂ ಮೀರಬಾರದು ಅಂತ ಇಟ್ಟಿದಾರಂತೆ. ಮನೇಗೆ ಬಂದು ನಮ್ಮನೆಯವ್ರು ದಲಾಲಿ ಲೆಕ್ಕದ ತರ ಪೆನ್ನು ತಗೊಂಡು ಕೂತ್ರು, ಇಪ್ಪತ್ತು ದಿನಕ್ಕೆ 250 ಗ್ರಾಂ, ಅಂದ್ರೆ ದಿನಕ್ಕೆ ಹನ್ನೆರಡು ಗ್ರಾಂ ಮೇಲೆ, ನೂರಕ್ಕೆ ಎರಡೇ ಭಾಗ ಅಂತ ಹಿಡಿದ್ರೂ 240 ಮಿಲಿಗ್ರಾಂ, ಅಗಿದು ಉಗುಳಿದ್ದು ಕಳೆದ್ರೂ ಗಡಿ ದಾಟಿದೆ. "ನೀನು ಚೀಲಗಟ್ಲೆ ತಿಂದಿದೀಯ ಮಾರಾಯ್ತಿ" ಅಂದ್ರು. ಕಡ್ಡಿ ಕೊಟ್ಟ ಸಂಗೀತ ಟೀಚರ್ ಮೇಲೆ ನಂಗೇನೂ ಸಿಟ್ಟಿಲ್ಲ, ಅವ್ರು ಕೊಟ್ಟಿದ್ದು ಒಂದು ಕಡ್ಡಿ.

ಮಾತ್ರೆ ಬದಲಾದ ತಕ್ಷಣ ಕೆಮ್ಮು ಹೋಗುತ್ತೆ ಅಂದ್ಕೊಂಡಿದ್ದೆ. ಹೋಗ್ಲಿಲ್ಲ. ಒಂದರಿಂದ ನಾಲ್ಕು ವಾರ, ಕೆಲವರಿಗೆ ಮೂರು ತಿಂಗಳು ಅಂದಿದ್ರು. ಕ್ಯಾಲೆಂಡರಲ್ಲಿ ದಿನಾ ರಾತ್ರಿ ಎಷ್ಟು ಸಲ ಎದ್ದೆ ಅಂತ ಗೆರೆ ಹಾಕ್ತಾ ಬಂದೆ. ಮೊದಲ್ನೇ ವಾರ ನಾಲ್ಕು, ಐದು, ನಾಲ್ಕು. ಎರಡನೇ ವಾರ ಅದೇ, ಈ ಡಾಕ್ಟ್ರೂ ಸುಮ್ನೆ ಅಂದ್ಕೊಂಡೆ. ಹದಿನೇಳನೇ ದಿನ ಬೆಳಿಗ್ಗೆ ಆರಕ್ಕೆ ಅಲಾರಾಂ ಹೊಡೀತು, ಆವಾಗ್ಲೇ ಗೊತ್ತಾಗಿದ್ದು ರಾತ್ರಿ ಪೂರ್ತಿ ಮಲಗಿದ್ದೆ ಅಂತ. ಆ ದಿನದ ಚೌಕದಲ್ಲಿ ಗೆರೆ ಇಲ್ಲ, ಖಾಲಿ. ಜೂನ್ ಕೊನೆ ಹೊತ್ತಿಗೆ ನೂರಕ್ಕೆ ಎಂಬತ್ತು ಭಾಗ ಹೋಗಿತ್ತು, ಬಿಪಿ 130/84, ಕಾಲೂತ ಇಲ್ಲ.

ಉಳಿದ ಇಪ್ಪತ್ತು ಭಾಗಕ್ಕೆ ಇನ್ನೊಂದು ಕತೆ. ಜೋರಾಗಿ ನಕ್ಕರೆ, ಎಸಿ ಗಾಳಿ ತಾಗಿದ್ರೆ, ಒಗ್ಗರಣೆ ಘಾಟಿಗೆ, ಈಗ್ಲೂ ಒಂದು ಸುತ್ತು ಬರುತ್ತೆ. ಅಷ್ಟು ತಿಂಗಳು ಕೆಮ್ಮಿ ಕೆಮ್ಮಿ ಗಂಟ್ಲಿನ ನರಗಳು ಚುರುಕಾಗಿಬಿಟ್ಟಿವೆ, ಸಣ್ಣದಕ್ಕೂ ಗಂಟೆ ಬಾರಿಸ್ತವೆ ಅಂದ್ರು ಡಾಕ್ಟ್ರು. ಆ ನರದ ತುದಿಲಿ ಖಾರ ಗುರುತಿಸೋ ಒಂದು ಬಾಗ್ಲಿದೆ, ಟಿಆರ್‌ಪಿವಿ1 ಅಂತ, ಮೆಣಸಿನಕಾಯಿಯ ಕ್ಯಾಪ್ಸೈಸಿನ್ ತಾಗಿದ್ರೆ ತೆರೆಯುತ್ತೆ, ಅದನ್ನ ಕಂಡುಹಿಡಿದ ಡೇವಿಡ್ ಜೂಲಿಯಸ್ ಅವ್ರಿಗೆ 2021ರಲ್ಲಿ ನೊಬೆಲ್ ಬಂತು. ಕೆಮ್ಮಿನ ಸಂಶೋಧನೆ ಮಾಡೋರು ಜನಕ್ಕೆ ಕೆಮ್ಮು ಬರಿಸೋಕೆ ಬಳಸೋದೇ ಕ್ಯಾಪ್ಸೈಸಿನ್ ತುಂತುರು. ಮಜಾ ಅಂದ್ರೆ ಸ್ವೀಡನ್ನಲ್ಲಿ ದೀರ್ಘ ಕೆಮ್ಮಿನವ್ರಿಗೆ ಅದನ್ನೇ ಕ್ಯಾಪ್ಸೂಲಲ್ಲಿ ತುಂಬಿ ವಾರಗಟ್ಲೆ ನುಂಗಿಸಿದ್ರಂತೆ, ಕೆಲವರ ಕೆಮ್ಮಿನ ಸೂಕ್ಷ್ಮತೆ ಕಮ್ಮಿ ಆಯ್ತಂತೆ, ಬಾಗ್ಲನ್ನ ದಿನಾ ತಟ್ಟಿ ತಟ್ಟಿ ಕಿವುಡು ಮಾಡೋ ತರ. ಸಣ್ಣ ಅಧ್ಯಯನ, ಔಷಧಿ ಅಂತ ಇನ್ನೂ ಬಂದಿಲ್ಲ. ಇದನ್ನ ಕೇಳಿದ್ದೇ ನಮ್ಮನೆಯವ್ರು "ಹಂಗಾದ್ರೆ ದಿನಾ ಎರಡು ಮಿರ್ಚಿ ಬರ್ಕೊಡ್ತಾರಾ ಕೇಳು" ಅಂದ್ರು, ದಾವಣಗೆರೆಯೋರ ಬುದ್ಧಿ.

ಮಗಳು ಒಂದಿನ ಕಪ್ಪು ಚಾಕ್ಲೇಟ್ ತಂದ್ಲು, ಕೋಕೋ ಬೀಜದ ಥಿಯೋಬ್ರೊಮಿನ್ ಕೆಮ್ಮಿನ ನರನ ಸುಮ್ಮನಿರಿಸುತ್ತೆ ಅಂತ. ಲಂಡನ್ನಲ್ಲಿ ಆರೋಗ್ಯವಂತರಿಗೆ ಕ್ಯಾಪ್ಸೈಸಿನ್ ತುಂತುರು ಕೊಟ್ಟು ನೋಡಿದಾಗ ಕೆಲಸ ಮಾಡಿತ್ತಂತೆ, ಆಮೇಲೆ ನಿಜವಾದ ದೀರ್ಘ ಕೆಮ್ಮಿನ ರೋಗಿಗಳ ಮೇಲೆ ಪರೀಕ್ಷೆ ಮಾಡಿದಾಗ ಹೇಳ್ಕೊಳ್ಳೋ ಅಂತ ಲಾಭ ಕಾಣ್ಲಿಲ್ಲ. ಆ ಎರಡನೇ ಭಾಗ ಅವಳಿಗೆ ಮೊದ್ಲೇ ಗೊತ್ತಿತ್ತು, ಚಾಕ್ಲೇಟ್ ತಿನ್ನಕ್ಕೊಂದು ನೆಪ ಅಷ್ಟೇ.

ಕೊನೆಗೆ ನಂಗೆ ಉಪಯೋಗಕ್ಕೆ ಬಂದಿದ್ದು ಸ್ಪೀಚ್ ಥೆರಪಿಸ್ಟ್ ಹುಡುಗಿ ಕಲಿಸಿದ್ದು. ತುರಿಕೆ ಶುರುವಾದ ಕ್ಷಣಕ್ಕೇ ಒಂದು ಗುಟುಕು ನೀರು, ಇಲ್ಲಾಂದ್ರೆ ಎಂಜಲು ನುಂಗು, ಬಾಯಿ ಮುಚ್ಚಿ ಮೂಗಲ್ಲಿ ಸಣ್ಣದಾಗಿ ಉಸಿರು, ಗಂಟ್ಲು ಕೆರೆಯೋದು ಪೂರ್ತಿ ಬಂದ್. ಈ ಕೆರೆಯೋ ಅಭ್ಯಾಸ ನಮ್ಮ ಟೀಚರ್‌ಗಳಿಗೆ ಎಷ್ಟಿರುತ್ತೆ ಅಂದ್ರೆ "ಮಕ್ಕಳೇ" ಅನ್ನೋಕೆ ಮುಂಚೆ ಒಂದು ಖ್ಹ್ ಖ್ಹ್ ಇಲ್ದೆ ಮಾತೇ ಹೊರಡಲ್ಲ. ಆ ಹನಿ ಜಾರೋ ವಿಷ್ಯನೂ ಅವಳ ಹತ್ರನೇ ಹೇಳಿದೆ, ಕೆಮ್ಮೋಕೆ ಮುಂಚೆ ಕೆಳಗಿನ ಸ್ನಾಯು ಬಿಗಿ ಹಿಡಿಯೋದು ಹೇಳ್ಕೊಡಕ್ಕೆ ಫಿಸಿಯೋ ಒಬ್ರ ಹತ್ರ ಕಳಿಸಿದ್ಲು. ಎರಡು ತಿಂಗಳಿಗೆ ಪ್ಯಾಡ್ ಬಿಟ್ಟೆ.

ಹೋದ ತಿಂಗಳು ಅತ್ತೆ ಬಂದಿದ್ರು. ರಾತ್ರಿ ನಾನು ಕೆಮ್ಮದೇ ಮಲಗಿದ್ದು ನೋಡಿ ಬೆಳಿಗ್ಗೆ "ಆಡುಸೋಗೆ ಹಿಡೀತು ನೋಡವ್ವ, ಸ್ವಲ್ಪ ತಡ ಆದ್ರೂ" ಅಂದ್ರು. ಮಗಳು ಬಾಯಿ ತೆಗೆಯೋಕೆ ಹೋದ್ಲು, ನಾನು ಕಣ್ಸನ್ನೆ ಮಾಡಿದೆ. ಆಮೇಲೆ ಸುಮ್ನೆ ಕೇಳಿದೆ, ಅತ್ತೆ ನಿಮ್ಮ ಬಿಪಿ ಮಾತ್ರೆ ಯಾವ್ದು ಅಂತ. ಸೆರಗಿನ ಗಂಟಿಂದ ಸ್ಟ್ರಿಪ್ ತೆಗೆದ್ರು, ಮಗಳು ಓದಿದ್ಲು, ಆಮ್ಲೋಡಿಪಿನ್, ಪ್ರಿಲ್ ಅಲ್ಲ. "ಮತ್ತೇನಾದ್ರೂ ತಗೋತೀಯಾ ಅಜ್ಜಿ, ಬೇರು, ಪುಡಿ, ಏನಾದ್ರೂ?" ಅಂದ್ಲು. ಅತ್ತೆ ಸ್ವಲ್ಪ ಹೊತ್ತು ಸುಮ್ನಿದ್ದು ಸೆರಗಿನ ಇನ್ನೊಂದು ಗಂಟು ಬಿಚ್ಚಕ್ಕೆ ಶುರು ಮಾಡಿದ್ರು.